ಧೈರ್ಯ ಸಾಲದು ಅನ್ನಬೇಡಿ

"ಹೆಂಗಸರಿಗೆ ಧೈರ್ಯ ಸಾಲದು, ಅದಕ್ಕೇ ಹೊಡೆಯುವ ಗಂಡನ ಮನೆ ಬಿಟ್ಟು ಬರುವುದಿಲ್ಲ" ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ಒಪ್ಪೋಕಾಗಲ್ಲ ಸರ್. ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೋಗುತ್ತಿದ್ದರು. ಏಪ್ರಿಲ್ ಬಿಸಿಲಲ್ಲೂ ತುಂಬು ತೋಳಿನ ರವಿಕೆ. ಕೂಲಿ ದುಡ್ಡೆಲ್ಲ ಗಂಡನ ಕೈಗೆ. ಒಂದು ದಿನ ಆಧಾರ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ನಮ್ಮ ಜೋಳದ ಡಬ್ಬಿಯಲ್ಲಿ ಇಟ್ಟರು. ಹೊರಡಲು ಮತ್ತೆ ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಅವರು ಸುಮ್ನೆ ಕೂತಿರಲಿಲ್ಲ, ತಯಾರಾಗುತ್ತಿದ್ದರು. ಬಿಟ್ಟು ಹೊರಡುವ ಹೊತ್ತಿನಲ್ಲೇ ಅಪಾಯ ಜಾಸ್ತಿ ಅಲ್ವಾ, ಅದು ಅವರಿಗೆ ಗೊತ್ತಿತ್ತು.

ಮನೆ ಬಿಡಲೇಬೇಕು ಅಂತಲೂ ಇಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ, ಮನೆ ಗಂಡನ ಹೆಸರಲ್ಲಿದ್ದರೂ ಹೆಂಡತಿಗೆ ಅಲ್ಲೇ ಇರುವ ಹಕ್ಕಿದೆ. ಹೊಡೆಯುವವನೇ ಹೊರಗೆ ಹೋಗಬೇಕು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ನಮ್ಮ ರಾಜ್ಯದಲ್ಲಿ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು) ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು, ಅರ್ಜಿ ಹಾಕಲು ಅವರು ಸಹಾಯ ಮಾಡಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಆ ಅಕ್ಕನಿಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ, ಅದೇ ಈಗಲೂ ಸಂಕಟ. ದಯವಿಟ್ಟು ಲೇಖನದಲ್ಲಿ ಇದಕ್ಕೆ ನಾಲ್ಕು ಸಾಲು ಸೇರಿಸಿ.