ಒನಕೆ ನಿಂತಿತು, ವಾದ ನಿಲ್ಲಲಿಲ್ಲ

ಸೂರ್ಯಗ್ರಹಣದ ವೇಧೆ ಹನ್ನೆರಡು ಗಂಟೆ ಮುಂಚೆ ಹಿಡಿಯುತ್ತದೆ ಎನ್ನುತ್ತದೆ ಪಂಚಾಂಗ. ಕುಟುಂಬದ ವಾಟ್ಸಾಪ್ ಗುಂಪಿಗೆ ಎರಡು ದಿನ ಮುಂಚೆಯೇ ಹಿಡಿದಿರುತ್ತದೆ.

ಸ್ಪರ್ಶಕಾಲ ಶುರುವಾಗುವುದು ದೊಡ್ಡಪ್ಪನಿಂದ. ದರ್ಭೆ ವಿಕಿರಣವನ್ನು ತಡೆಯುತ್ತದೆ, ನಾಸಾ ಒಪ್ಪಿದೆ ಎಂಬ ಫಾರ್ವರ್ಡ್ ಮೊದಲು ಬರುತ್ತದೆ. ಅದರ ಬೆನ್ನಿಗೇ ತಿರುನಳ್ಳಾರಿನ ಶನಿ ದೇವಸ್ಥಾನದ ಮೇಲೆ ಬಂದ ಉಪಗ್ರಹಗಳು ಮೂರು ಸೆಕೆಂಡು ನಿಂತು ಹೋಗುತ್ತವೆ ಎಂಬ ಹಳೇ ಸುಳ್ಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಮ್ಮನ ಮಗ ಕಾದು ಕೂತಿರುತ್ತಾನೆ.

"ದೊಡ್ಡಪ್ಪಾ, ಸೋರ್ಸ್ ಕೊಡಿ."

"ನಿಮ್ಮಪ್ಪನೇ ನಿನ್ನ ಅಪ್ಪ ಅನ್ನೋದಕ್ಕೆ ಸೋರ್ಸ್ ಏನೋ?"

"ಡಿಎನ್‌ಎ ಟೆಸ್ಟ್ ಇದೆಯಲ್ಲ."

ಇಲ್ಲಿಗೆ ಹುಡುಗನ ತಾಯಿ ಬರುತ್ತಾರೆ: "ಭಾವಾ, ದಯವಿಟ್ಟು. ಗುಂಪಲ್ಲಿ ಬೀಗರಿದ್ದಾರೆ." ಹುಡುಗನ ಅಪ್ಪನೂ ಗುಂಪಲ್ಲಿದ್ದಾರೆ, ಆದರೆ ಬಾಯಿ ಬಿಟ್ಟವರಲ್ಲ. ಇಂಥ ಗುಂಪಲ್ಲಿ ನೀವಿಲ್ಲ ಎಂದರೆ ಪುಣ್ಯವಂತರು. ಪೂರ್ವಜನ್ಮದ್ದೋ ಪ್ರಾಯಿವೆಸಿ ಸೆಟ್ಟಿಂಗಿನದೋ ಎಂಬುದು ಅವರವರ ನಂಬಿಕೆಗೆ ಬಿಟ್ಟದ್ದು.

ಗಮನಿಸಬೇಕಾದ್ದು ಪ್ರಮಾಣಗಳ ಅದಲುಬದಲು. ದೇವರನ್ನು ನಂಬುವ ದೊಡ್ಡಪ್ಪನಿಗೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ಸರ್ಟಿಫಿಕೇಟು ಬೇಕು. ದೇವರಿಲ್ಲ ಎನ್ನುವ ಹುಡುಗ ಮನುಸ್ಮೃತಿಯ ಅಧ್ಯಾಯ, ಶ್ಲೋಕದ ಸಂಖ್ಯೆಯನ್ನು ಬಾಯಲ್ಲೇ ಹೇಳುತ್ತಾನೆ. ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತವನ್ನು ಇಡೀ ಮನೆತನದಲ್ಲಿ ಓದಿರುವವನು ಆ ನಾಸ್ತಿಕನೊಬ್ಬನೇ. ಬಸವಣ್ಣ ಇಬ್ಬರ ಕಡೆಯ ಸಾಕ್ಷಿಯೂ ಹೌದು, ದಿನಕ್ಕೆರಡು ಸಲ ಕಟಕಟೆ ಹತ್ತಿ ಇಳಿಯುತ್ತಾನೆ. ರಾಕೆಟ್ ಹಾರಿಸುವ ಮುನ್ನ ಇಸ್ರೋದವರು ಅದರ ಪುಟ್ಟ ಮಾದರಿಯನ್ನು ತಿರುಪತಿ ತಿಮ್ಮಪ್ಪನ ಮುಂದಿಟ್ಟ ಫೋಟೊವಂತೂ ಒಂದೇ ಬೆಳಿಗ್ಗೆ ಎರಡು ಸಲ ಬರುತ್ತದೆ. ಒಬ್ಬರದ್ದಕ್ಕೆ ಕೆಳಗೆ ಕೈಮುಗಿದ ಚಿತ್ರ, ಇನ್ನೊಬ್ಬನದಕ್ಕೆ ಹಣೆ ಚಚ್ಚಿಕೊಳ್ಳುವ ಚಿತ್ರ. ಅಜ್ಜಿ ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ಒಲೆ ಹಚ್ಚುತ್ತಿದ್ದಳು, ನಾಸಾದ ಒಪ್ಪಿಗೆ ಬಂತೇ ಎಂದು ಯಾರನ್ನೂ ಕೇಳಿರಲಿಲ್ಲ.

ಗ್ರಹಣದ ದಿನ ದೊಡ್ಡಮ್ಮ ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸುತ್ತಾರೆ. ನಿಂತಿತು, ಫೋಟೊ ಬಂತು. ಬುಡ ಸಪಾಟಾಗಿದ್ದರೆ ಒನಕೆ ಯಾವ ಮಂಗಳವಾರವಾದರೂ ನಿಲ್ಲುತ್ತದೆ ಎಂದು ಹುಡುಗ ಮರುವಾರ ನಿಲ್ಲಿಸಿ ತೋರಿಸುತ್ತಾನೆ. "ಒನಕೆ ಎಲ್ಲಿ ಸಿಕ್ತೋ? ನಮಗೂ ಒಂದು ಬೇಕಿತ್ತು" ಎಂದು ಚಿಕ್ಕಮ್ಮ ಕೇಳಿದ್ದಷ್ಟೇ ಅದರ ಫಲ. ಅವನ ಭಕ್ತಿಯೇನು ಕಮ್ಮಿಯದಲ್ಲ. ವರ್ಷವಿಡೀ ಉಪ್ಪಿಟ್ಟನ್ನು ಕಾಂಕ್ರೀಟು ಎಂದು ಬೈಯುವವನು ಆವತ್ತು ಗಡಿಯಾರ ನೋಡಿಕೊಂಡು, ಸೂರ್ಯನಿಗೆ ಚಂದ್ರ ತಾಗಿದ ನಿಮಿಷಕ್ಕೆ ಸರಿಯಾಗಿ ಮೊದಲ ತುತ್ತು ಬಾಯಿಗಿಟ್ಟು ಸೆಲ್ಫಿ ಹಾಕುತ್ತಾನೆ. ಮುಹೂರ್ತ ಪಾಲನೆಯಲ್ಲಿ ದೊಡ್ಡಪ್ಪನಿಗಿಂತ ಬಿಗಿ.

ಕರಾವಳಿ, ಮಲೆನಾಡಿನವರಿಗೆ ಇದೇನು ಹೊಸದಲ್ಲ, ಇದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ವಾದಕ್ಕಿಳಿಯುತ್ತಾರೆ. ವಾಲಿವಧೆಯ ದಿನ ವಾಲಿ ಒಳ್ಳೆ ಮಾತುಗಾರನಾದರೆ ರಾಮನ ಬಾಯಿ ಕಟ್ಟಿಸಬಲ್ಲ, ಆದರೆ ಬಾಣ ಆಗಲೇ ಎದೆಗೆ ನಾಟಿರುತ್ತದೆ. ವಾದ ಗೆದ್ದನೆಂದು ಯಾವ ವಾಲಿಯೂ ಎದ್ದು ಕಿಷ್ಕಿಂಧೆಗೆ ನಡೆದದ್ದಿಲ್ಲ. ಅದು ಸಭಿಕರಿಗೂ ಗೊತ್ತು, ಅವರು ಬಂದಿರುವುದು ಮಾತು ಕೇಳಲು. ಆದರೆ ಅಲ್ಲೊಂದು ಶಿಸ್ತಿದೆ. ಇವತ್ತಿನ ವಾಲಿ ನಾಳೆ ಇನ್ನೊಂದೂರಲ್ಲಿ ರಾಮನಿಗೆ ಅರ್ಥ ಹೇಳಬೇಕಾದೀತು, ಹಾಗಾಗಿ ಎರಡೂ ಕಡೆಯ ಮಾತು ಅವನಿಗೆ ಗೊತ್ತಿರಲೇಬೇಕು. ನಮ್ಮ ವಾಟ್ಸಾಪ್ ಅರ್ಥಧಾರಿಗೆ ಆ ಕಷ್ಟವಿಲ್ಲ. ಜನ್ಮವಿಡೀ ಒಂದೇ ಪಾತ್ರ, ಅದಕ್ಕೂ ಯಾರೋ ಬರೆದ ಅರ್ಥ.

ಎದುರಿನವರನ್ನು ಒಪ್ಪಿಸಬೇಕೆಂಬ ಆಸೆ ಇಬ್ಬರಿಗೂ ಇದ್ದಂತಿಲ್ಲ. ದೊಡ್ಡಪ್ಪನ ಮಾತು ಬೀಗರ ಕಿವಿಗೆ, ಹುಡುಗನ ಮಾತು ನ್ಯೂಜೆರ್ಸಿಯಲ್ಲಿರುವ ಅತ್ತೆ ಮಗಳ ಕಣ್ಣಿಗೆ. ಇನ್ನೊಂದು ವಿಷಯವೂ ಇದೆ, ಹೇಳಬಾರದು: ಸಾಗರದ ಹತ್ತಿರ ಅಣ್ಣತಮ್ಮಂದಿರ ನಡುವೆ ಪಾಲಾಗದ ಎರಡೆಕರೆ ಅಡಿಕೆ ತೋಟವೊಂದಿದೆ. ದೇವರಿದ್ದಾನೆಯೇ ಎಂಬ ಪ್ರಶ್ನೆ ಈ ಮನೆಯಲ್ಲಿ ಏಳುವುದು ಬಹುಪಾಲು ಅಡಿಕೆ ರೇಟು ಏರಿದ ವಾರ.

ಹಿಂದಿನ ತಲೆಮಾರಿನವರು ಹೀಗೆ ಕೂತಲ್ಲೇ ಕೆಲಸ ಮುಗಿಸುತ್ತಿರಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿ, ನಮ್ಮ ಮುಂದೆ ಪವಾಡ ಮಾಡಿ ತೋರಿಸಿ ಎಂದು ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದರು. ಪರೀಕ್ಷೆ ನಡೆಯಲಿಲ್ಲ. ಆದರೂ ಅದು ಸ್ವಂತ ಹೆಸರಲ್ಲಿ, ನೇರ ವಿಳಾಸಕ್ಕೆ ಹೋದ ಕಾಗದ.

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನವರು ಕನ್ನಡಕ ಹಾಕಿಕೊಂಡು ಬಳೆಯಂಥ ಸೂರ್ಯನನ್ನು ನೋಡಿದರು. ಗುಂಪಿನಲ್ಲಿ ಒನಕೆ ನಿಂತಿತ್ತು, ಉಪ್ಪಿಟ್ಟು ನಡೆದಿತ್ತು. ಅದೇ ಬೆಳಿಗ್ಗೆ ಕಲಬುರಗಿಯ ಹತ್ತಿರ ತಾಜಸುಲ್ತಾನಪುರದಲ್ಲಿ, ಗ್ರಹಣದಲ್ಲಿ ಹೂತರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂದು ನಂಬಿ ಮಕ್ಕಳನ್ನು ಕುತ್ತಿಗೆಮಟ್ಟ ಮಣ್ಣಲ್ಲಿ ಹೂತಿದ್ದರು. ಅಮಾನವೀಯ ಆಚರಣೆ ತಡೆಯುವ ರಾಜ್ಯದ ಕಾಯ್ದೆ 2017ರಲ್ಲೇ ಸದನ ದಾಟಿತ್ತು, ಜಾರಿಗೆ ಬಂದದ್ದು ಆ ಗ್ರಹಣ ಕಳೆದ ಮೇಲೆ, 2020ರ ಜನವರಿಯಲ್ಲಿ. ಆ ತಾಯ್ತಂದೆಯರು ನಮ್ಮ ಯಾವ ಗುಂಪಲ್ಲೂ ಇರಲಿಲ್ಲ. ದರ್ಭೆಯ ವಿಕಿರಣಶಾಸ್ತ್ರ ಅವರನ್ನು ತಲುಪಲಿಲ್ಲ, ಅದರ ಖಂಡನೆಯೂ ತಲುಪಲಿಲ್ಲ. ಸುದ್ದಿ ಸಂಜೆ ಗುಂಪಿಗೆ ಬಂದಾಗ ಒಂದೆರಡು ಅಳುವ ಮುಖ ಬಿದ್ದವು, ಆಮೇಲೆ ಇಬ್ಬರೂ ಐನ್‌ಸ್ಟೀನನಿಗೆ ದೇವರಲ್ಲಿ ನಂಬಿಕೆ ಇತ್ತೇ ಎಂಬಲ್ಲಿಗೆ ಹಿಂತಿರುಗಿದರು.

ಒಮ್ಮೆ ಮಾತ್ರ ಎಡವಟ್ಟಾಯಿತು. ಹುಡುಗ ನಡುರಾತ್ರಿವರೆಗೆ ಕೂತು ಉದ್ದದ ಲೇಖನವೊಂದನ್ನು ಬರೆದು ಹಾಕಿದ್ದ. ಬೆಳಿಗ್ಗೆ ದೊಡ್ಡಪ್ಪನಿಂದ ಒಂದೇ ಸಾಲು ಬಂತು: "ನೀವು ಹೇಳಿದ್ದೇ ಸರಿ. ತಪ್ಪು ನನ್ನದೇ."

ಗುಂಪು ಗರ ಬಡಿದಂತಾಯಿತು. ನ್ಯೂಜೆರ್ಸಿಯಿಂದ ಫೋನು ಬಂತು. ಬಿಪಿ ಮಾತ್ರೆ ತಗೊಂಡಿದ್ದಾರಾ ಎಂದು ಒಬ್ಬರು, ಮಾತು ತೊದಲುತ್ತಿದೆಯಾ ನೋಡಿ ಎಂದು ಇನ್ನೊಬ್ಬರು. ಬೀಗರು ಕೂಡ ಮೊದಲ ಬಾರಿಗೆ ಮೌನ ಮುರಿದು "ದೇವರು ಒಳ್ಳೇದು ಮಾಡಲಿ" ಎಂದರು. ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಗೆದ್ದ ಹುಡುಗನೇ. ಬರೆದ, ಅಳಿಸಿದ, ಮತ್ತೆ ಬರೆದ: "ದೊಡ್ಡಪ್ಪಾ, ಹುಷಾರಿದ್ದೀರಾ? ಬೇಕಾದರೆ ದರ್ಭೆ ವಿಷಯ ಇನ್ನೊಮ್ಮೆ ನೋಡೋಣ."

ಹತ್ತು ನಿಮಿಷದ ಮೇಲೆ ಉತ್ತರ ಬಂತು: "ಅದು ನಿನಗಲ್ಲ ಕಣೋ. ಸರ್ವೆಯವರಿಗೆ ಹಾಕಿದ್ದು, ಕೈತಪ್ಪಿ ಇಲ್ಲಿಗೆ ಬಂತು."

ಆಗ ಹುಡುಗನ ಅಪ್ಪ ಬರೆದರು: "ಅಣ್ಣಾ, ಯಾವ ಸರ್ವೆ?"