ಹಿಟ್ ವಿಕೆಟ್

ಗೋಡೆಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಹೋಯಿತು. ಬೆರಳನ್ನು ಬಾಯಿಗಿಟ್ಟುಕೊಂಡು ಕುಣಿಯುತ್ತಿದ್ದಾಗ, ಪಕ್ಕದಲ್ಲಿ ಇಂಗ್ಲಿಷ್ ವ್ಯಾಕರಣ ಬರೆಯುತ್ತಿದ್ದ ಅಕ್ಕನ ಮಗಳು ತಲೆಯೆತ್ತಿ, "ಮಾಮ, ಬೆರಳನ್ನು ಹಿಟ್ ಮಾಡಿದಿರಾ?" ಎಂದಳು.

ಮಾಡಿದೆನೆ! ನೋವಿಗಿಂತ ಆ ಕ್ರಿಯಾಪದವೇ ಹೆಚ್ಚು ಉರಿಸಿತು. ಇಂಥ ಹೊತ್ತಿಗೆಂದೇ ಕನ್ನಡದಲ್ಲಿ ಎಂಥ ಮರ್ಯಾದಸ್ಥ ಮಾತುಗಳಿವೆ: ಪೆಟ್ಟಾಯಿತು, ಏಟು ಬಿತ್ತು, ತಗುಲಿತು. ಯಾರು ಮಾಡಿದರೆಂಬ ವಿಚಾರಣೆಯೇ ಇಲ್ಲ. ಇಂಗ್ಲಿಷಿನವನು ಮಾತ್ರ ಕಳ್ಳನಿಗೆ ಬಾರಿಸಿದರೂ ಹಿಟ್, ಬಾಗಿಲಿಗೆ ತಲೆ ತಗುಲಿದರೂ ಹಿಟ್ ಎಂದು, ಎರಡೂ ಕಡೆ ನನ್ನನ್ನೇ ಕರ್ತೃವಾಗಿ ನಿಲ್ಲಿಸುತ್ತಾನೆ. ಕ್ರಿಕೆಟಿನಲ್ಲೂ ಇದೇ ನ್ಯಾಯ. ಚೆಂಡನ್ನು ಆಡುವಾಗ ಕಾಲು ಜಾರಿ ಸ್ಟಂಪಿಗೆ ತಗುಲಿ, ಮೇಲಿನ ಬೇಲ್ಸ್ ಉದುರಿದರೆ 35ನೆಯ ನಿಯಮದ ಪ್ರಕಾರ ಹಿಟ್ ವಿಕೆಟ್, ಅಂದರೆ ಔಟ್. ಬಿದ್ದವನು ಬ್ಯಾಟ್ಸ್‌ಮನ್, ವಿಕೆಟ್ ಸೇರುವುದು ಬೌಲರನ ಲೆಕ್ಕಕ್ಕೆ!

ನಮ್ಮ 'ಹೊಡೆ'ಯೂ ಸಾಚಾ ಏನಲ್ಲ, ಒಪ್ಪುತ್ತೇನೆ. ಹರಟೆ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ, ಗೊರಕೆಯನ್ನಂತೂ ಕೇಳಬೇಡಿ. ಆದರೆ ಅದಕ್ಕೆ ಕಾಲಪ್ರಜ್ಞೆಯಾದರೂ ಇದೆ. ಹೊಡೆದೆ ಎಂದರೆ ಮುಗಿಯಿತು. ಹೊಡೆಯುತ್ತೇನೆ ಎಂದರೆ ಇನ್ನೂ ತಪ್ಪಿಸಿಕೊಳ್ಳಲು ಸಮಯವಿದೆ. ಅತ್ತ ಹುಡುಗಿ ಹಿಟ್, ಹಿಟ್, ಹಿಟ್ ಎಂದು ಮೂರು ರೂಪಗಳನ್ನು ಜಪಿಸುತ್ತಿದ್ದಳು. ನಿನ್ನೆ ಹೊಡೆದದ್ದೂ ಅದೇ, ದಿನವೂ ಹೊಡೆಯುವುದೂ ಅದೇ. "ಐ ಹಿಟ್ ಮೈ ಥಂಬ್" ಎಂದು ನಾನು ತಪ್ಪೊಪ್ಪಿಕೊಂಡರೆ, ಒಮ್ಮೆ ಜಜ್ಜಿಕೊಂಡೆ ಎಂದೂ ಆಗಬಹುದು, ಜಜ್ಜಿಕೊಳ್ಳುವುದೇ ನನ್ನ ರೂಢಿ ಎಂದೂ ಆಗಬಹುದು. ಮನೆಯವರು ಎರಡನೆಯ ಅರ್ಥವೇ ಸರಿ ಎಂದರು. ಮೊದಲ ಮೊಳೆ ಸೊಟ್ಟಗಾಗಿತ್ತು, ಎರಡನೆಯದು ಅಂಗೈಯಗಲ ಗಾರೆ ಕಿತ್ತುಕೊಂಡು ಉದುರಿತ್ತು, ಮೂರನೆಯದರ ಕಥೆ ನಿಮಗೆ ಗೊತ್ತೇ ಇದೆ. ಚಿತ್ರಪಟ ಮಾತ್ರ ಕುರ್ಚಿಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿತ್ತು. ಅದಕ್ಕೂ ನನ್ನ ಮುಖ ನೋಡಲು ಇಷ್ಟವಿರಲಿಲ್ಲವೇನೋ.

ಸೇಡು ತೀರಿಸಿಕೊಳ್ಳಲು ಎಡಗೈಯಲ್ಲೇ ನಿಘಂಟು ತೆರೆದೆ. ಹಿಟ್ ಎಂಬುದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದ ಮಾತು. ಅಲ್ಲಿ 'ಹಿಟ್ಟ' ಎಂದರೆ ಎದುರಾಗು, ಭೇಟಿಯಾಗು. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಅದೇ ಪದಕ್ಕೆ ಹುಡುಕಿದ್ದು ಸಿಗುವುದು ಎಂದರ್ಥ. ಸಿಕ್ಕಿತಲ್ಲ ಆಧಾರ! "ನೋಡು, ನಾನು ಹೊಡೆಯಲಿಲ್ಲ. ಸುತ್ತಿಗೆಗೂ ಬೆರಳಿಗೂ ಭೇಟಿಯಾಯಿತು, ಅಷ್ಟೆ" ಎಂದೆ.

ಅವಳು ಪೆನ್ಸಿಲ್ ಕಚ್ಚುತ್ತಾ ಒಂದು ಕ್ಷಣ ಯೋಚಿಸಿದಳು.

"ಮೊಳೆಗೆ ಯಾಕೆ ಒಂದು ಸಲವೂ ಭೇಟಿಯಾಗಲಿಲ್ಲ, ಮಾಮ?"