ಸ್ಪಷ್ಟನೆ: ಕಂಪ್ರೆಸರ್ ಮೋಟಾರ್ ಬಿಸಿಯಾದರೆ ದೊಡ್ಡ ಕೆಪಾಸಿಟರ್ ಪರಿಹಾರವಲ್ಲ
ರಾಯಚೂರಿನ ಗ್ಯಾರೇಜ್, ಪಂಕ್ಚರ್ ಅಂಗಡಿಯವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಸಿಂಗಲ್ ಫೇಸ್ ಕಂಪ್ರೆಸರ್ ಮೋಟಾರ್ ಬಿಸಿಯಾದರೆ ಡಬಲ್ ಮೈಕ್ರೋಫ್ಯಾರಡ್ (ಕೆಪಾಸಿಟರಿನ ಅಳತೆ) ಕೆಪಾಸಿಟರ್, ಅಂದರೆ ಮೋಟಾರ್ ತಿರುಗಲು ನೆರವಾಗುವ, ವಿದ್ಯುತ್ ಕೂಡಿಡುವ ಬಿಡಿಭಾಗ, ಹಾಕಿ, ತಣ್ಣಗಾಗುತ್ತೆ ಅಂತ. ಇದು ತಪ್ಪು. ಹಾಗೆ ಮಾಡಿದರೆ ಮೋಟಾರ್ ಇನ್ನೂ ಜಾಸ್ತಿ ಬಿಸಿಯಾಗುತ್ತದೆ.

ರನ್ ಕೆಪಾಸಿಟರ್ ಮೋಟಾರ್ ತಿರುಗುವಷ್ಟು ಹೊತ್ತೂ ಲೈನಿನಲ್ಲೇ ಇರುತ್ತದೆ. ಅದನ್ನು ದೊಡ್ಡದು ಮಾಡಿದರೆ ಸ್ಟಾರ್ಟಿಂಗ್ ವೈಂಡಿಂಗಿಗೆ (ಮೋಟಾರ್ ಒಳಗಿನ ಒಂದು ತಂತಿ ಸುರುಳಿ) ಹೆಚ್ಚು ಕರೆಂಟ್ ಹೋಗಿ ವೈಂಡಿಂಗೇ ಸುಡಬಹುದು. ಹಳೆಯದರ ಮೇಲೆ 36 ಎಂದಿದ್ದರೆ 36 ಮೈಕ್ರೋಫ್ಯಾರಡ್‌ನದ್ದೇ ತನ್ನಿ. ವೋಲ್ಟ್ ರೇಟಿಂಗ್ 440 ಇದ್ದರೆ ಅದಕ್ಕಿಂತ ಕಡಿಮೆಯದು ಬೇಡ.

ಸ್ಟಾರ್ಟ್ ಕೆಪಾಸಿಟರ್ ಕೆಲಸ ಒಂದೆರಡು ಸೆಕೆಂಡಿನದು ಅಷ್ಟೇ. ಮೋಟಾರ್ ವೇಗ ಹಿಡಿದಾಗ 'ಟಕ್' ಅಂತ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗಕ್ಕೆ ತಾನೇ ತೆರೆದುಕೊಳ್ಳುವ ಸ್ವಿಚ್) ಬಿಟ್ಟು, ಆ ಕೆಪಾಸಿಟರನ್ನು ಲೈನಿನಿಂದ ತಪ್ಪಿಸಬೇಕು. ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೆಪಾಸಿಟರ್ ಉಬ್ಬುತ್ತದೆ, ಮೋಟಾರ್ ಬಿಸಿಯಾಗುತ್ತದೆ. ಮೊದಲು ಅದನ್ನೇ ನೋಡಿ. ವೋಲ್ಟೇಜ್ ಕಡಿಮೆಯಾದರೂ ಮೋಟಾರ್ ಬಿಸಿಯಾಗಬಹುದು, ಹಾಗಾಗಿ ಲೋಡಿನಲ್ಲಿ ವೋಲ್ಟೇಜ್ ಬೀಳುತ್ತಿದೆಯಾ ಅಂತಲೂ ಅಳೆಯಿರಿ. ನಮ್ಮ ಬೇಸಿಗೆಯಲ್ಲಿ ಇದು ಮುಖ್ಯ, ಅಲ್ವಾ?

ಕೆಪಾಸಿಟರ್ ಮುಟ್ಟುವ ಮುಂಚೆ ಪ್ಲಗ್ ಕಿತ್ತು, ಅದರ ಎರಡು ಟರ್ಮಿನಲ್‌ಗಳಿಗೆ ರೆಸಿಸ್ಟರ್ ತಾಗಿಸಿ ಡಿಸ್ಚಾರ್ಜ್ ಮಾಡಿ (ಉಳಿದ ವಿದ್ಯುತ್ ಖಾಲಿ ಮಾಡಿ). ಆಫ್ ಆದ ಮೇಲೂ ಅದು ಜೋರಾಗಿ ಶಾಕ್ ಹೊಡೆಯಬಹುದು.

ದಯವಿಟ್ಟು ಆ ಮೆಸೇಜ್ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.